ಪಟ್ಟಿಯಲ್ಲಿಲ್ಲದ ಹೆಸರುಗಳ ಜೊತೆ ಮೂವತ್ತು ವರ್ಷ

ಇನ್ನೆರಡು ತಿಂಗಳಿಗೆ ನನ್ನ ನಿವೃತ್ತಿ. ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ನನ್ನ ಕೊಠಡಿಯನ್ನು ತೆರವು ಮಾಡಿಕೊಡಬೇಕಾಗಿರುವುದರಿಂದ, ಬೀರುವಿನಲ್ಲಿದ್ದ ಹಳೆಯ ಕಟ್ಟುಗಳನ್ನು ಕೆಲವು ದಿನಗಳಿಂದ ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದೇನೆ. ಮನೆ ಮನೆಗೆ ಹೋಗಿ ತುಂಬಿದ ಸಮೀಕ್ಷೆಯ ನಮೂನೆಗಳು, ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿಕೊಂಡ ವಾರ್ಡ್ ನಕ್ಷೆಗಳು, ಕ್ಷೇತ್ರಕಾರ್ಯದ ದಿನಚರಿಗಳು. ಸಾಮಾಜಿಕ ನೀತಿ ಮತ್ತು ನಗರಾಡಳಿತ ನನ್ನ ಸಂಶೋಧನೆಯ ವಿಷಯವೆಂದು ಕಚೇರಿಯ ಕಡತದಲ್ಲಿ ಬರೆದಿದೆ. ಆದರೆ ದಿನಚರಿಗಳನ್ನು ಓದುತ್ತಾ ಹೋದಂತೆ, ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಬಡಾವಣೆಗಳಲ್ಲಿ, ಒಬ್ಬರನ್ನೊಬ್ಬರು ಕಂಡೇ ಇಲ್ಲದ ಜನರ ಬಾಯಿಂದ ಬಂದ ಒಂದೇ ಮಾತನ್ನು ನಾನು ಮತ್ತೆ ಮತ್ತೆ ಬರೆದುಕೊಂಡಿರುವುದು ಕಾಣಿಸಿತು: "ಪಟ್ಟೀಲಿ ನಮ್ಮ ಹೆಸರಿಲ್ವಂತೆ." ಪಡಿತರದ ಪಟ್ಟಿ, ಪಿಂಚಣಿಯ ಪಟ್ಟಿ, ಘೋಷಿತ ಕೊಳೆಗೇರಿಗಳ ಪಟ್ಟಿ, ಬೀದಿ ವ್ಯಾಪಾರಿಗಳ ಪಟ್ಟಿ, ಕೂಲಿಯ ಹಾಜರಿ ಪಟ್ಟಿ. ಇಷ್ಟು ವರ್ಷ ನಾನು ಓದಿದ್ದು ಈ ಪಟ್ಟಿಗಳನ್ನೇ ಎಂದು ಈಗ ಅನ್ನಿಸುತ್ತಿದೆ. ಸರ್ಕಾರದ ಯೋಜನೆ ಎಷ್ಟೇ ಒಳ್ಳೆಯದಾಗಿರಲಿ, ಬಡವರ ಬಾಗಿಲಿಗೆ ಅದು ಬರುವುದು ಒಂದು ಪಟ್ಟಿಯ ಮೂಲಕ. ಆ ಪಟ್ಟಿಯನ್ನು ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ನಿಂತು ಬರೆದರು ಎಂಬುದರ ಮೇಲೆ ಆ ಯೋಜನೆಯ ಹಣೆಬರಹ ನಿಂತಿರುತ್ತದೆ.

ಈ ಪಾಠದ ಮೊದಲ ಅಕ್ಷರಗಳನ್ನು ನಾನು ಕಲಿತದ್ದು ಮಂಡ್ಯದ ನಮ್ಮ ಮನೆಯ ಪಡಸಾಲೆಯಲ್ಲಿ. ಅಪ್ಪ ಮುನ್ಸಿಪಾಲಿಟಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದರು. ಮಾರ್ಚ್ ತಿಂಗಳು ಬಂತೆಂದರೆ ಡಿ.ಸಿ.ಬಿ. ಲೆಕ್ಕದ ದಪ್ಪ ರಿಜಿಸ್ಟರುಗಳು ಮನೆಗೇ ಬರುತ್ತಿದ್ದವು. ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಅಂಕಣಗಳನ್ನು ಅಪ್ಪ ಗಟ್ಟಿಯಾಗಿ ಓದುವುದು, ನಾನು ಕೂಡಿ ತಾಳೆ ನೋಡುವುದು ವಾಡಿಕೆ. ಆಗ ಸಂಜೆಯ ಹೊತ್ತು ಊರಾಚೆಯ ಗುಡಿಸಲುಗಳಿಂದ ಜನ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ಬೇಡಿಕೆ ಒಂದೇ: "ನಮ್ಗೂ ಕಂದಾಯ ಹಾಕಿ ಸಾ." ತೆರಿಗೆ ತಪ್ಪಿಸಿಕೊಳ್ಳಲು ದೊಡ್ಡ ಮನೆಯವರು ಕೊಡುತ್ತಿದ್ದ ಸಬೂಬುಗಳನ್ನು ಕೇಳಿ ಬೆಳೆದ ನನಗೆ, ತೆರಿಗೆ ಹಾಕಿ ಎಂದು ಕೈಮುಗಿಯುವವರನ್ನು ಕಂಡು ಆಶ್ಚರ್ಯವಾಗುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಅಪ್ಪ ರಿಜಿಸ್ಟರಿನ ಮೇಲೆ ಕೈಯಿಟ್ಟು, "ಈ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಮನೆ ಅವರದ್ದಾಗಲ್ಲ ಕಣವ್ವ. ಆದ್ರೆ ಹೆಸರೇ ಇಲ್ದಿದ್ರೆ ಅವರಿಗೆ ನಲ್ಲೀನೂ ಇಲ್ಲ, ಲೈಟೂ ಇಲ್ಲ" ಎಂದರು. ಖಾತೆಯೆಂದರೆ ಕ್ರಯಪತ್ರವಲ್ಲ, ಅದು ತೆರಿಗೆಯ ಪುಸ್ತಕದಲ್ಲಿರುವ ಒಂದು ನಮೂದು ಮಾತ್ರ ಎಂಬುದನ್ನು ಮುಂದೆ ನಾನು ಕಾನೂನಿನ ಭಾಷೆಯಲ್ಲಿ ಎಷ್ಟೋ ತರಗತಿಗಳಲ್ಲಿ ವಿವರಿಸಿದ್ದೇನೆ. ಅಪ್ಪನ ಆ ಎರಡು ವಾಕ್ಯಗಳಷ್ಟು ಸ್ಪಷ್ಟವಾಗಿ ಹೇಳಲು ನನಗೆ ಇನ್ನೂ ಬಂದಿಲ್ಲ.

ಎಂ.ಎ. ಓದಲು ಮೈಸೂರಿಗೆ ಬಂದಾಗ ನಮ್ಮ ಸೀಮೆಯ ಬಗ್ಗೆ ಹೊರಗಿನವರು ಮಾಡಿದ ಅಧ್ಯಯನಗಳು ಎಷ್ಟಿವೆ ಎಂಬುದು ಗೊತ್ತಾಯಿತು. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಕೆಲಸ ಮಾಡಿದವರು. ಅವರು ವಂಗಲ ಮತ್ತು ದಲೇನ ಎಂದು ಹೆಸರು ಬದಲಿಸಿ ಬರೆದ ಆ ಹಳ್ಳಿಗಳಲ್ಲಿ ಒಂದಕ್ಕೆ ನಾಲೆಯ ನೀರು ಬಂತು, ಇನ್ನೊಂದಕ್ಕೆ ಬರಲಿಲ್ಲ. ನೀರು ಬಂದ ಊರು ಕಬ್ಬು ಬೆಳೆದು ತನ್ನ ಹಳೆಯ ಕಟ್ಟಳೆಗಳನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ನೀರು ಬಾರದ ಊರಿನವರು ಮಂಡ್ಯ ಪೇಟೆಯ ಕಡೆ ಮುಖ ಮಾಡಿ, ನೌಕರಿಯೆಂದು, ವ್ಯಾಪಾರವೆಂದು, ಗಾಡಿ ಬಾಡಿಗೆಯೆಂದು ಹೊಸ ದಾರಿ ಹಿಡಿದರು. 1933ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯೂ 1939ರಲ್ಲಿ ಆದ ಜಿಲ್ಲಾ ಕೇಂದ್ರವೂ ಅವರನ್ನು ಸೆಳೆದವು. ಇದನ್ನು ಓದಿದಾಗ ಅಪ್ಪನ ಬಾಗಿಲಲ್ಲಿ ನಿಲ್ಲುತ್ತಿದ್ದವರು ನೆನಪಾದರು. ನೀರಿಲ್ಲದ ಊರುಗಳಿಂದ ಪೇಟೆಗೆ ಬಂದವರು ಪೇಟೆಯಲ್ಲಿ ಎಲ್ಲಿ ನೆಲೆ ನಿಂತರು, ಆ ಪೇಟೆಯ ಆಡಳಿತ ಅವರನ್ನು ತನ್ನವರೆಂದು ಯಾವಾಗ ಬರೆದುಕೊಂಡಿತು ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ನಮ್ಮ ಗುರುಗಳ ಪೀಳಿಗೆಗೆ ಹಳ್ಳಿಯೇ ಸಮಾಜಶಾಸ್ತ್ರದ ಪ್ರಯೋಗಶಾಲೆ. ಮೈಸೂರಿನಲ್ಲೇ ಹುಟ್ಟಿದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಗೆ ಹೋಗಿ ಕೂತು ಮಾಡಿದ ಕೆಲಸ ನಮಗೆಲ್ಲ ಮಾದರಿ. ಆ ಕೆಲಸದಿಂದ ಅವರು ಸಿದ್ಧಪಡಿಸಿಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದವು, ಆಮೇಲೆ ಅವರು ನೆನಪನ್ನೇ ನೆಚ್ಚಿ ಬರೆದರು. ನನ್ನ ಕಟ್ಟುಗಳನ್ನು ಬಿಚ್ಚುವಾಗಲೆಲ್ಲ ಆ ಸಂಗತಿ ಮನಸ್ಸಿಗೆ ಬರುತ್ತದೆ.

ಪಿಎಚ್.ಡಿ.ಗೆ ನಾನು ಆರಿಸಿಕೊಂಡದ್ದು ಮೈಸೂರಿನ ಕೊಳೆಗೇರಿಗಳಲ್ಲಿ ಮೂಲಸೌಕರ್ಯಗಳ ಹಂಚಿಕೆ. ಸಂವಿಧಾನದ 74ನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂದಿತ್ತು, ಇನ್ನು ಮುಂದೆ ನಗರಗಳು ತಮ್ಮನ್ನು ತಾವೇ ಆಳಿಕೊಳ್ಳುತ್ತವೆ ಎಂಬ ಉತ್ಸಾಹ ನಮ್ಮಲ್ಲಿ ತುಂಬಿತ್ತು. ಸಮೀಕ್ಷೆಗೆ ನಾನು ಮತದಾರರ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಂಡು ಪ್ರತಿ ಐದನೆಯ ಮನೆಯನ್ನು ಗುರುತು ಹಾಕಿಕೊಂಡಿದ್ದೆ. ಪುಸ್ತಕದ ಪ್ರಕಾರ ತಪ್ಪೇನೂ ಇರಲಿಲ್ಲ. ನಾಲ್ಕನೆಯ ದಿನವೋ ಐದನೆಯ ದಿನವೋ, ಒಂದು ಸಾಲು ಮುಗಿಸಿ ಹೊರಡುತ್ತಿದ್ದಾಗ ಒಬ್ಬ ಹೆಂಗಸು ಹಿಂದಿನಿಂದ ಕೂಗಿದರು: "ಎಲ್ಲಾರ ಮನೇಗೂ ಹೋದ್ರಿ, ನಮ್ಮನೆ ಮಾತ್ರ ಬುಟ್ಬುಟ್ರಲ್ಲವ್ವ." ನಿಮ್ಮ ಮನೆಗೆ ನಂಬರ್ ಇಲ್ಲ ಅಮ್ಮ, ನನ್ನ ಪಟ್ಟಿಯಲ್ಲಿ ಬರುವುದಿಲ್ಲ ಎಂದೆ. ಆಕೆ ಜಗಳವಾಡಲಿಲ್ಲ. ನನ್ನನ್ನು ಎರಡು ಮನೆಗಳ ನಡುವಿನ ಸಂದಿಯಲ್ಲಿ ಕರೆದುಕೊಂಡು ಹೋದರು. ಹಿಂದೆ ರಾಜಕಾಲುವೆಯ ದಂಡೆಗೆ ಒರಗಿಕೊಂಡು ಇನ್ನೊಂದು ಸಾಲು ಮನೆಗಳಿದ್ದವು, ತಗಡಿನ ಮಾಡು, ಗೋಣಿತಾಟಿನ ಬಾಗಿಲು. ಆಕೆ ತಮ್ಮ ಮನೆಯ ಗೋಡೆಯ ಮೇಲೆ ಬಳಪದಲ್ಲಿ ಬರೆದಿದ್ದ ತಾರೀಖುಗಳನ್ನು ತೋರಿಸಿ, "ಮಲೇರಿಯಾದೋರು ತಿಂಗ್ಳು ತಿಂಗ್ಳು ಬಂದು ಬರ್ಕಂಡು ಹೋಯ್ತಾರೆ. ಅವ್ರಿಗೆ ಕಾಣೋ ಮನೆ ನಿಮ್ಗೆ ಕಾಣಕಿಲ್ವಾ?" ಎಂದು ಕೇಳಿದರು. ಒಂದರ ಕೆಳಗೊಂದು ಸಾಲಾಗಿ ಇಳಿದಿದ್ದ ಆ ತಾರೀಖುಗಳಲ್ಲಿ ಹಳೆಯವು ಮಾಸಿಹೋಗಿದ್ದವು, ಕೊನೆಯದು ಹಿಂದಿನ ವಾರದ್ದು.

ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಸಂಜೆ ಕೂತು ಲೆಕ್ಕ ಹಾಕಿದರೆ, ಸೌಕರ್ಯಗಳು ತೀರಾ ಕಡಿಮೆ ಇರುವವರನ್ನು ಅಳೆಯಲು ಹೊರಟ ನನ್ನ ಸಮೀಕ್ಷೆಯೇ ಅವರನ್ನು ಹೊರಗಿಟ್ಟಿತ್ತು. ಕರ್ನಾಟಕ ಕೊಳೆಗೇರಿ ಪ್ರದೇಶಗಳ ಅಧಿನಿಯಮ ಬಂದದ್ದು 1973ರಲ್ಲಿ. ಅದರಂತೆ ಒಂದು ಜಾಗವನ್ನು ಕೊಳೆಗೇರಿ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದ ಮೇಲೆಯೇ ಅಲ್ಲಿಗೆ ಯೋಜನೆಗಳು ಬರುತ್ತವೆ. ಮುಂದಿನ ಸಾಲು ಘೋಷಿತವಾಗಿ, ಹಿಂದಿನ ಸಾಲು ಹಾಗೇ ಉಳಿದಿರುವುದನ್ನು ಆಮೇಲೆ ನಾನು ಬೇಕಾದಷ್ಟು ಕಡೆ ಕಂಡಿದ್ದೇನೆ. ಪ್ರಬಂಧದ ಮೂರು ಅಧ್ಯಾಯಗಳನ್ನು ಹೊಸದಾಗಿ ಬರೆಯಬೇಕಾಯಿತು, ಒಂದು ವರ್ಷ ತಡವಾಯಿತು. ಅಂದಿನಿಂದ ಯಾವ ಕ್ಷೇತ್ರಕಾರ್ಯಕ್ಕೂ ನಾನು ಸಿದ್ಧ ಪಟ್ಟಿ ಹಿಡಿದು ಹೋಗಿಲ್ಲ. ಮೊದಲು ಓಣಿ ಓಣಿ ನಡೆದು, ಅಲ್ಲಿನವರ ಕೈಯಲ್ಲೇ ನಕ್ಷೆ ಬರೆಸಿ, ಆಮೇಲೆ ಎಣಿಕೆಗೆ ಕೂರುತ್ತೇನೆ.

ಹೀಗೆ ನಡೆಯುವ ಅಭ್ಯಾಸವೇ ನನ್ನನ್ನು ಮೈಸೂರಿನ ಕನ್ಸರ್ವೆನ್ಸಿ ಗಲ್ಲಿಗಳಿಗೆ ಕರೆದುಕೊಂಡು ಹೋಯಿತು. ಪ್ಲೇಗಿನ ಹಾವಳಿಯ ಬೆನ್ನಲ್ಲೇ, 1903ರಲ್ಲಿ, ಮೈಸೂರಿನಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಅಗಲವಾದ ರಸ್ತೆ, ಗಾಳಿ ಬೆಳಕು, ಮನೆ ಮನೆಯ ನಡುವೆ ಜಾಗ, ಉದ್ಯಾನ, ಇವೆಲ್ಲ ಆ ಕಾಲದ ಯೋಜಕರ ಕೊಡುಗೆ, ನಾವು ಇಂದಿಗೂ ಅದರ ಸುಖ ಉಣ್ಣುತ್ತಿದ್ದೇವೆ. ಅದೇ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರಿದಾದ ಗಲ್ಲಿ ಇರುತ್ತದೆ. ಅಲ್ಲಿ ನಿಂತು ಕಾಂಪೌಂಡಿನ ಗೋಡೆಯನ್ನು ಬುಡದ ಹತ್ತಿರ ನೋಡಿದರೆ, ಮೊಣಕಾಲಿನ ಎತ್ತರಕ್ಕೆ ಒಂದು ಸಣ್ಣ ಚೌಕದ ಗುರುತು ಕೆಲವು ಕಡೆ ಈಗಲೂ ಕಾಣುತ್ತದೆ. ಸುತ್ತಲಿನ ಗಾರೆಗಿಂತ ಬೇರೆ ಬಣ್ಣದ ಇಟ್ಟಿಗೆಯಿಂದ ಅದನ್ನು ಮುಚ್ಚಿರುತ್ತಾರೆ. ಒಳಗಿನ ಪಾಯಿಖಾನೆಯ ಮಲವನ್ನು ಹೊರಗಿನಿಂದಲೇ ಬಳಿದು ಹೊತ್ತೊಯ್ಯಲು ಇಟ್ಟಿದ್ದ ಕಿಂಡಿ ಅದು. ಹೊತ್ತೊಯ್ಯುವವರು ಮನೆಯ ಅಂಗಳ ತುಳಿಯಬಾರದು, ಮುಂದಿನ ರಸ್ತೆಯಲ್ಲಿ ಕಾಣಿಸಬಾರದು ಎಂಬ ಕಟ್ಟಳೆಯನ್ನು ನಕ್ಷೆಯಲ್ಲೇ ಬರೆದು ಊರು ಕಟ್ಟಿದ್ದರು. 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕಿಂಡಿಗಳು ಮುಚ್ಚಿದವು, ಗಲ್ಲಿಗಳು ಉಳಿದವು. ವಿದ್ಯಾರ್ಥಿಗಳನ್ನು ಪ್ರತಿ ವರ್ಷ ಒಮ್ಮೆ ಅಲ್ಲಿಗೆ ಕರೆದೊಯ್ಯುತ್ತೇನೆ. ಜಾತಿಯ ಬಗ್ಗೆ ಗಂಟೆಗಟ್ಟಲೆ ಮಾತನಾಡಬಲ್ಲವರು ಆ ಚೌಕದ ಮುಂದೆ ನಿಂತು ಬಹಳ ಹೊತ್ತು ಸುಮ್ಮನಿರುವುದನ್ನು ನೋಡಿದ್ದೇನೆ.

ಸ್ವಚ್ಛತೆಯ ರಾಷ್ಟ್ರಮಟ್ಟದ ಶ್ರೇಯಾಂಕದಲ್ಲಿ ಮೈಸೂರು 2015ರಲ್ಲಿ ಮತ್ತು 2016ರಲ್ಲಿ ದೇಶಕ್ಕೆ ಮೊದಲ ಸ್ಥಾನ ಪಡೆಯಿತು. ಊರಿನವಳಾಗಿ ನನಗೂ ಹೆಮ್ಮೆಯಾಯಿತು. ಅದೇ ವರ್ಷಗಳಲ್ಲಿ ನಾನು ಪೌರಕಾರ್ಮಿಕರ ಕೆಲಸದ ಸ್ಥಿತಿಗತಿಗಳ ಅಧ್ಯಯನದಲ್ಲಿದ್ದೆ. ಬೆಳಿಗ್ಗೆ ಆರಕ್ಕೆ ಮೊದಲೇ ಹಾಜರಿ ಹಾಕುವ ಜಾಗಕ್ಕೆ ಹೋಗಿ ನಿಲ್ಲುತ್ತಿದ್ದೆ. ಒಂದು ಕಲ್ಲಿನ ಬೆಂಚು, ಒರಗಿಸಿಟ್ಟ ಪೊರಕೆಗಳು, ತಳ್ಳುವ ಗಾಡಿಗಳು. ಮೇಸ್ತ್ರಿಯ ಕೈಯಲ್ಲಿ ಎರಡು ಪುಸ್ತಕ: ಕಾಯಂ ನೌಕರರದ್ದು ರಟ್ಟಿನ ಹೊದಿಕೆಯ ರಿಜಿಸ್ಟರ್, ಗುತ್ತಿಗೆಯವರದ್ದು ಶಾಲೆಯ ಮಕ್ಕಳ ನೋಟ್‌ಬುಕ್. ಒಂದೇ ರಸ್ತೆಯನ್ನು ಅಕ್ಕಪಕ್ಕದಲ್ಲಿ ಗುಡಿಸುವ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಸಂಬಳದ ಚೀಟಿ, ಪಿ.ಎಫ್., ರಜೆ ಎಲ್ಲ ಇತ್ತು, ಇನ್ನೊಬ್ಬರಿಗೆ ಆ ನೋಟ್‌ಬುಕ್ಕಿನ ಒಂದು ಗೀಟು ಮಾತ್ರ. ಗುತ್ತಿಗೆದಾರ ಬದಲಾದಾಗ ನೋಟ್‌ಬುಕ್ಕೂ ಬದಲಾಗುತ್ತಿತ್ತು. ಹತ್ತು ವರ್ಷ ಗುಡಿಸಿದ್ದರೂ ಹೊಸ ಪುಸ್ತಕದಲ್ಲಿ ಆಕೆ ಹೊಸಬಳು. "ನಾನು ಸೇರ್ದಾಗ ಮಗ ಅಂಗನವಾಡೀಲಿದ್ದ, ಈಗ ಪಿ.ಯು.ಸಿ. ಮೇಡಂ. ಅದೇ ನನ್ನ ಸರ್ವೀಸ್ ಬುಕ್ಕು" ಎಂದು ಒಬ್ಬರು ಹೇಳಿದ್ದನ್ನು ದಿನಚರಿಯಲ್ಲಿ ಇದ್ದ ಹಾಗೆಯೇ ಬರೆದುಕೊಂಡಿದ್ದೇನೆ.

ಎಷ್ಟು ಜನಕ್ಕೆ ಒಬ್ಬ ಪೌರಕಾರ್ಮಿಕರಿರಬೇಕು ಎಂಬ ಲೆಕ್ಕವೂ ಇದೇ ಬಗೆಯದ್ದು. ಪೌರಕಾರ್ಮಿಕರ ಸ್ಥಿತಿಗತಿ ನೋಡಲು ಸರ್ಕಾರ ನೇಮಿಸಿದ್ದ ಐ.ಪಿ.ಡಿ. ಸಾಲಪ್ಪ ಸಮಿತಿಯ ಶಿಫಾರಸು 500 ಜನಕ್ಕೆ ಒಬ್ಬರೆಂದು. ಸರ್ಕಾರ ಆಮೇಲೆ ಒಪ್ಪಿಕೊಂಡದ್ದು 700ಕ್ಕೆ ಒಬ್ಬರೆಂದು. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ 9 ಲಕ್ಷದ ಆಸುಪಾಸು. ಮೊದಲ ಲೆಕ್ಕದಲ್ಲಿ 1,800 ಜನ ಬೇಕಾದರೆ ಎರಡನೆಯ ಲೆಕ್ಕದಲ್ಲಿ 1,300ರಷ್ಟು ಸಾಕು. ಕಾಗದದ ಮೇಲೆ 500 ಹೋಗಿ 700 ಆದರೆ ಬೀದಿಯಲ್ಲಿ ಒಬ್ಬೊಬ್ಬರ ಪಾಲಿನ ರಸ್ತೆ ಅಷ್ಟು ಉದ್ದವಾಗುತ್ತದೆ, ಬೆನ್ನು ಅಷ್ಟು ಹೆಚ್ಚು ಬಾಗುತ್ತದೆ. ಅದೂ 2011ರ ಜನಸಂಖ್ಯೆಗೆ. 2022ರ ಜುಲೈನಲ್ಲಿ ಪೌರಕಾರ್ಮಿಕರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಕೂತರು, ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟ 11,133 ಜನರನ್ನು ಕಾಯಂ ಮಾಡಲು ಒಪ್ಪಿಗೆ ಕೊಟ್ಟಿತು. ಅದು ದೊಡ್ಡ ಗೆಲುವು, ಅದನ್ನು ಗೆದ್ದವರು ಅವರೇ. ನನ್ನಂಥವರ ಲೇಖನಗಳಿಂದ ಅದು ಆಯಿತೆಂದು ಯಾರೂ ಹೇಳಿಕೊಳ್ಳಬಾರದು. ಆದರೆ ಆದೇಶ ಬಂದ ಮರುದಿನದಿಂದ ಶುರುವಾದ ಪ್ರಶ್ನೆ ನನಗೆ ಚೆನ್ನಾಗಿ ಪರಿಚಿತವಾದದ್ದೇ: ಯಾರ ಹೆಸರು ಸೇರುತ್ತದೆ, ಸೇವೆಗೆ ಸಾಕ್ಷಿ ಏನು, ಹಳೆಯ ಗುತ್ತಿಗೆದಾರರ ನೋಟ್‌ಬುಕ್ಕು ಈಗ ಎಲ್ಲಿದೆ?

ಬೀದಿ ವ್ಯಾಪಾರಿಗಳ ವಿಷಯದಲ್ಲಿ 2014ರ ಕಾನೂನು ನನ್ನ ಮಟ್ಟಿಗೆ ನಮ್ಮ ದೇಶದ ಒಳ್ಳೆಯ ಕಾನೂನುಗಳಲ್ಲೊಂದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು ಎಂದು ಅದು ಹೇಳುತ್ತದೆ. ಇಷ್ಟು ಚೆನ್ನಾಗಿ ಬರೆದ ಕಾನೂನು ಎಲ್ಲಿ ಎಡವುತ್ತದೆ ಎಂಬುದನ್ನು ಒಂದು ಊರಿನಲ್ಲಿ ಕಣ್ಣಾರೆ ಕಂಡೆ. ಸಮೀಕ್ಷೆಯವರು ಬಂದದ್ದು ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ, ಕಚೇರಿಯ ವೇಳೆಯಲ್ಲಿ. ಸಂಜೆ ಐದಕ್ಕೆ ಬುಟ್ಟಿ ಇಳಿಸುವ ಹೂವಿನವರು, ಕಡಲೆಕಾಯಿಯವರು, ಚುರುಮುರಿ ಗಾಡಿಯವರು ಯಾರೂ ಅವರಿಗೆ ಸಿಗಲಿಲ್ಲ. ಮಲ್ಲಿಗೆ ಹೂವನ್ನು ಮೊಳ ಹಾಕುತ್ತಲೇ ಒಬ್ಬಾಕೆ ನನಗೆ ವಿವರಿಸಿದರು: "ಹತ್ಗಂಟೆಗೆ ಬಂದ್ರೆ ನಾನೆಲ್ಲಕ್ಕಾ ಸಿಗ್ಲಿ? ಆಗ ನಾಕು ಮನೆ ಪಾತ್ರೆ ತಿಕ್ತಿರ್ತೀನಿ." ಆಕೆ ಮನೆಗೆಲಸದವರ ಲೆಕ್ಕಕ್ಕೂ ಸೇರಿರಲಿಲ್ಲ, ವ್ಯಾಪಾರಿಗಳ ಲೆಕ್ಕಕ್ಕೂ ಸೇರಿರಲಿಲ್ಲ. ಸಾಲದ ಯೋಜನೆಗೆ ಅರ್ಜಿ ಹಾಕಲು ಹೋದಾಗ ಪ್ರಮಾಣಪತ್ರ ಕೇಳಿದರಂತೆ. ಆ ಸಮೀಕ್ಷೆಯ ಬಗ್ಗೆ ವರದಿ ಬರೆದು, ಸಂಜೆ ಮತ್ತು ವಾರದ ಸಂತೆಯ ದಿನ ಇನ್ನೊಂದು ಸುತ್ತು ಎಣಿಕೆ ಮಾಡಬೇಕೆಂದು ಸೂಚಿಸಿ, ನಕ್ಷೆಗಳ ಸಮೇತ ಸಂಬಂಧಪಟ್ಟ ಕಚೇರಿಗೆ ಕೊಟ್ಟೆ. ಎರಡು ವರ್ಷದ ನಂತರ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದಾಗ ವರದಿ ಅದೇ ಲಕೋಟೆಯಲ್ಲಿ, ಅಂಟು ಬಿಡಿಸದೆ, ಕಿಟಕಿಯ ಕಟ್ಟೆಯ ಮೇಲಿತ್ತು. ಅಂದು ಪಟ್ಟ ಸಂಕಟ ಇಂದಿಗೂ ಆರಿಲ್ಲ, ಏಕೆಂದರೆ ಅದರೊಳಗಿದ್ದುದು ನನ್ನ ಶ್ರಮವಷ್ಟೇ ಅಲ್ಲ, ಹೂವಿನಾಕೆ ವ್ಯಾಪಾರ ಬಿಟ್ಟು ನನಗೆ ಕೊಟ್ಟ ಸಮಯ.

ಇಂಥ ಸಂಗತಿಯನ್ನು ಹಿಡಿದುಕೊಂಡು ನಗರದ ಆಡಳಿತದಲ್ಲಿ ಯಾರ ಬಳಿ ಹೋಗಬೇಕು? ಮೈಸೂರು ಪಾಲಿಕೆಯಲ್ಲಿ 65 ವಾರ್ಡುಗಳಿವೆ. 2018ರಲ್ಲಿ ಆಯ್ಕೆಯಾದ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಹೊಸ ಚುನಾವಣೆ ಆಗಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಅದು ಆಗದೆ ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಸಂವಿಧಾನ ತನ್ನ 12ನೆಯ ಅನುಸೂಚಿಯಲ್ಲಿ ನಗರಗಳಿಗೆಂದು 18 ವಿಷಯಗಳನ್ನು ಪಟ್ಟಿ ಮಾಡಿದೆ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರಿನಲ್ಲಿ ವಾರ್ಡ್ ಸಮಿತಿಗಳಿರಬೇಕು ಎಂದಿದೆ. ಆದರೆ ನಿವೇಶನ ಹಂಚುವುದು ಒಂದು ಪ್ರಾಧಿಕಾರ, ಕೊಳೆಗೇರಿ ನೋಡಿಕೊಳ್ಳುವುದು ಇನ್ನೊಂದು ಮಂಡಳಿ, ವಿದ್ಯುತ್ತಿಗೆ ಬೇರೆ ನಿಗಮ. ಕಾರ್ಪೊರೇಟರ್ ಎಷ್ಟೇ ಸಾಮಾನ್ಯರಿರಲಿ, ಬೆಳಿಗ್ಗೆ ಏಳಕ್ಕೆ ಅವರ ಮನೆಯ ಬಾಗಿಲು ತಟ್ಟಿ "ಅಣ್ಣ, ನೀರು ಬಂದಿಲ್ಲ" ಎನ್ನಬಹುದು. ಆ ಬಾಗಿಲೂ ಇಲ್ಲದಾಗ ಹಿಂದಿನ ಸಾಲಿನ ಮನೆಯವರಿಗೆ ಆಡಳಿತ ಎಂಬುದು ತೀರಾ ದೂರದ ಮಾತಾಗುತ್ತದೆ. ಈ ವಿಷಯದಲ್ಲಿ ಪಕ್ಷಾತೀತವಾಗಿ ಎಲ್ಲರ ಮೇಲೂ ನನಗೆ ಅಸಮಾಧಾನವಿದೆ, ಅದನ್ನು ಮುಚ್ಚಿಡಲಾರೆ.

ಎಲ್ಲ ಪಟ್ಟಿಗಳಿಗೂ ತಾಯಿಯಂಥ ಪಟ್ಟಿ ಜನಗಣತಿ. 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದೂಡಿಕೆಯಾಯಿತು. 2013ರ ಆಹಾರ ಭದ್ರತಾ ಕಾಯ್ದೆ ದೇಶದ ಗ್ರಾಮೀಣ ಜನರಲ್ಲಿ ಶೇಕಡಾ 75ರವರೆಗೆ, ನಗರದವರಲ್ಲಿ ಶೇಕಡಾ 50ರವರೆಗೆ ಪಡಿತರ ಕೊಡುತ್ತದೆ, ಆ ಶೇಕಡಾವಾರನ್ನು ಲೆಕ್ಕ ಹಾಕಿರುವುದು 2011ರ ಜನಸಂಖ್ಯೆಯ ಮೇಲೆ. ಆಮೇಲೆ ಹುಟ್ಟಿದವರು, ಆಮೇಲೆ ಹಳ್ಳಿ ಬಿಟ್ಟು ಬಂದವರು ಎಲ್ಲರೂ ಹಳೆಯ ಸಂಖ್ಯೆಯೊಳಗೇ ಜಾಗ ಮಾಡಿಕೊಳ್ಳಬೇಕು. ಹಳ್ಳಿಯಿದ್ದದ್ದು ಬಡಾವಣೆಯಾಗಿರುವ ಹೂಟಗಳ್ಳಿ, ಬೋಗಾದಿಯಂಥ ಕಡೆ ಓಡಾಡುವಾಗ ಇದು ನನ್ನನ್ನು ಬಹಳ ಕಾಡುತ್ತದೆ.

ಈಚಿನ ವರ್ಷಗಳಲ್ಲಿ ನಮ್ಮ ವೃತ್ತಿಯಲ್ಲಿ ಪ್ರಕಟಣೆಗಳ ಅಂಕ ಎಣಿಸುವ ಪದ್ಧತಿ ಬಂದಿದೆ, ಇಂಗ್ಲಿಷ್ ನಿಯತಕಾಲಿಕಗಳಿಗೇ ಅದರಲ್ಲಿ ತೂಕ. ನಾನೂ ಅವುಗಳಿಗೆ ಬರೆದಿದ್ದೇನೆ, ಆ ಶಿಸ್ತಿನಿಂದ ಕಲಿತಿದ್ದೇನೆ. ಆದರೂ ಪ್ರತಿ ಅಧ್ಯಯನದ ಕೊನೆಗೆ ಹತ್ತು ಪುಟದ ಒಂದು ಕನ್ನಡ ಬರಹ ಮಾಡಿ, ಯಾರಿಂದ ಮಾಹಿತಿ ಪಡೆದೆನೋ ಅವರ ಎದುರು ಓದುವುದನ್ನು ಬಿಟ್ಟಿಲ್ಲ. ಪೌರಕಾರ್ಮಿಕರ ಕಾಲೊನಿಯ ಒಂದು ಮನೆಯ ಮುಂದೆ ಹಾಗೆ ಓದುವಾಗ, ನಾನು ಬರೆದಿದ್ದ ಕೆಲಸದ ವೇಳೆಯನ್ನು ಅವರು ಅಲ್ಲಲ್ಲೇ ತಿದ್ದಿದರು. ಹಾಜರಿಯಿಂದ ಹಾಜರಿಯವರೆಗೆ ನಾನು ಲೆಕ್ಕ ಹಾಕಿದ್ದೆ. ಅವರು ಮನೆಯಿಂದ ಹೊರಟ ಹೊತ್ತು, ಗಾಡಿ ತೊಳೆದಿಟ್ಟ ಹೊತ್ತು ಎರಡನ್ನೂ ಸೇರಿಸಿದರು. ಅವರ ಲೆಕ್ಕವೇ ಸರಿ, ಅಚ್ಚಾದ ಲೇಖನದಲ್ಲಿ ಇರುವುದೂ ಅದೇ.

ಕಟ್ಟುಗಳನ್ನು ನನ್ನ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿಗೆ ಕೊಡುತ್ತಿದ್ದೇನೆ. ಆಕೆಯೂ ಮಂಡ್ಯ ಕಡೆಯವಳು, ಮೈಸೂರಿನ ಅಂಚಿನಲ್ಲಿ ಕೃಷಿ ಜಮೀನಿನಲ್ಲಿ ಅನುಮೋದನೆಯಿಲ್ಲದೆ ಹೊಸದಾಗಿ ಬೆಳೆದಿರುವ ರೆವಿನ್ಯೂ ಬಡಾವಣೆಗಳ ನೀರಿನ ಸಮಸ್ಯೆಯ ಮೇಲೆ ಕೆಲಸ ಶುರು ಮಾಡಿದ್ದಾಳೆ. ಮೊನ್ನೆ 1994ರ ನಮೂನೆಗಳ ಕಟ್ಟನ್ನು ಬಿಚ್ಚಿದಾಗ, ಮನೆ ಸಂಖ್ಯೆಯ ಜಾಗದಲ್ಲಿ 'ಹಿಂದಿನ ಸಾಲು, ಮಲೇರಿಯಾ ಗುರುತು ಇದೆ' ಎಂದು ಬರೆದಿದ್ದ ಹಾಳೆ ಅವಳ ಕೈಗೆ ಸಿಕ್ಕಿತು. ಆ ಜಾಗ ಈಗ ಹೇಗಿದೆ ಮೇಡಂ ಎಂದು ಕೇಳಿದಳು. ಬಹಳ ವರ್ಷಗಳಿಂದ ಅತ್ತ ಹೋಗಿರಲಿಲ್ಲ. ಆ ಭಾಗದ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿದಾಗ, ಮುಂದಿನ ಸಾಲಿನಲ್ಲಿ ಆರ್.ಸಿ.ಸಿ. ಮನೆಗಳಾಗಿವೆ, ಹಿಂದೆ ಇನ್ನೂ ಎರಡು ಸಾಲು ಹೆಚ್ಚಾಗಿವೆ, ತಮ್ಮ ರಿಜಿಸ್ಟರಿನಲ್ಲಿ ಎಲ್ಲ ಮನೆಗಳನ್ನೂ ಬರೆದುಕೊಂಡಿದ್ದೇನೆ ಎಂದರು. ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ, ಹೆಂಗಸರು ಕೆಲಸಕ್ಕೆ ಹೊರಡುವ ಮೊದಲು, ನಾವಿಬ್ಬರೂ ಅವರ ಜೊತೆ ಹೋಗುತ್ತಿದ್ದೇವೆ.